ಬಸ್ಸಿಗೆ ಬಿಟ್ಟುಕೊಟ್ಟ ದಾರಿ

ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರಿಗೆ ಖಾಲಿ ರಸ್ತೆ ಎಂದರೆ ಒಂದು ಹೊತ್ತಿನ ಹೆಸರು. ಕತ್ತಲಲ್ಲಿ ಮನೆ ಬಿಟ್ಟು ಬೆಳಗಾಗುವಷ್ಟರಲ್ಲಿ ಏರಿ ಮುಗಿಸಿದರೆ ಸರಿ, ಇಲ್ಲದಿದ್ದರೆ ಭಾನುವಾರದ ಕಾರುಗಳ ಸಾಲಿನ ಹಿಂದೆ ಹೊಗೆ ಕುಡಿಯುತ್ತ ಹತ್ತಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ, ಮೈರಿಂಗೆನ್ ಮತ್ತು ಗ್ರಿಂಡೆಲ್‌ವಾಲ್ಡ್ ಎಂಬ ಎರಡು ಊರುಗಳ ನಡುವೆ, ಆಗಸ್ಟ್ ತಿಂಗಳ ಭಾನುವಾರ ಮಧ್ಯಾಹ್ನವೂ ಕಾರು ಕಾಣದ ಡಾಂಬರು ರಸ್ತೆಯೊಂದಿದೆ. ಅದು ಗ್ರೋಸೆ ಶೈಡೆಗ್ ಎಂಬ ಕಣಿವೆಬಾಯಿಯನ್ನು 1,962 ಮೀಟರ್ ಎತ್ತರದಲ್ಲಿ ದಾಟುತ್ತದೆ. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟೇ ಎತ್ತರ, ಆದರೆ ಅಲ್ಲಿ ಅದು ತಗ್ಗು. ಪಕ್ಕದಲ್ಲೇ ನಿಂತಿರುವ ವೆಟ್ಟರ್‌ಹಾರ್ನ್ ಶಿಖರ 3,692 ಮೀಟರ್.

ಈ ದಾರಿಯ ಮೇಲಿನ ತುಂಡಿನಲ್ಲಿ ಖಾಸಗಿ ವಾಹನಕ್ಕೆ ಪ್ರವೇಶವಿಲ್ಲ. ಬಸ್ಸು ಹೋಗುತ್ತದೆ, ಪರವಾನಗಿ ಇರುವ ಹೈನಿನವರ ಗಾಡಿ ಹೋಗುತ್ತದೆ, ಸೈಕಲ್ ಹೋಗುತ್ತದೆ. ಹಾಗಾಗಿ ಈ ರಸ್ತೆಯನ್ನು ಖಾಲಿ ಎನ್ನುವುದು ಪೂರ್ತಿ ಸರಿಯಲ್ಲ. ಅದಕ್ಕೊಬ್ಬ ಯಜಮಾನ ಇದ್ದಾನೆ, ಅವನು ವೇಳಾಪಟ್ಟಿ ಹಿಡಿದು ಓಡಾಡುತ್ತಾನೆ. ಇಲ್ಲಿ ಸವಾರಿ ಕೆಡಿಸಿಕೊಳ್ಳುವವರಲ್ಲಿ ಬಹುತೇಕರು ಈ ಒಂದು ಮಾತನ್ನು ಮರೆತವರು. ಕಾರಿನ ಭಯ ಹೋದ ಕೂಡಲೇ ಸವಾರ ರಸ್ತೆಯ ಪೂರ್ತಿ ಅಗಲವನ್ನು ತನ್ನದೆಂದುಕೊಳ್ಳುತ್ತಾನೆ.

ಮೊದಲು ದಾರಿಯ ಲೆಕ್ಕ. ಮೈರಿಂಗೆನ್ ಇರುವುದು 595 ಮೀಟರಿನಲ್ಲಿ. ಅಲ್ಲಿಂದ ಶೈಡೆಗ್‌ಗೆ ಸುಮಾರು 17 ಕಿ.ಮೀ., ಏರು 1,367 ಮೀಟರ್, ಸರಾಸರಿ ಶೇ. 8. ನಂದಿಯ ಏರನ್ನು ಒಂದರ ಮೇಲೊಂದು ಮೂರು ಸಲ ಪೇರಿಸಿದರೆ ಹತ್ತಿರ ಹತ್ತಿರ ಇಷ್ಟಾಗುತ್ತದೆ. ಆದರೆ ಸರಾಸರಿ ಎಂಬುದು ಇಲ್ಲಿ ಮೋಸದ ಅಂಕಿ. ವಿಲ್ಲಿಗೆನ್ ಎಂಬ ಹಳ್ಳಿ ದಾಟಿದ ತಕ್ಷಣ ರಸ್ತೆ ಎದ್ದು ನಿಲ್ಲುತ್ತದೆ. ರೈಖೆನ್‌ಬಾಖ್ ಜಲಪಾತದ ಪಕ್ಕದ ಕಾಡಿನಲ್ಲಿ ತಿರುವಿನ ಮೇಲೆ ತಿರುವು, ಶೇ. 10ರ ಆಸುಪಾಸು, ಮೊದಲ ನಾಲ್ಕೈದು ಕಿಲೋಮೀಟರ್ ಉಸಿರಾಡಲು ಬಿಡುವುದಿಲ್ಲ. ಆಮೇಲೆ ಕಣಿವೆ ಬಿಚ್ಚಿಕೊಂಡು, ಹುಲ್ಲುಗಾವಲಿನ ನಡುವೆ ರಸ್ತೆ ಸುಮಾರಾಗಿ ಮಲಗುತ್ತದೆ. ಎದುರಿಗೆ ವೆಲ್‌ಹಾರ್ನ್, ವೆಟ್ಟರ್‌ಹಾರ್ನ್, ಅವುಗಳ ನಡುವೆ ನೇತುಬಿದ್ದ ಹಿಮನದಿಯ ಅಂಚು. 1,328 ಮೀಟರಿನಲ್ಲಿ ರೋಸೆನ್‌ಲೌಯಿ, ಅಲ್ಲೊಂದು ಹಳೆಯ ಹೋಟೆಲು. ಇನ್ನೂ ಮೇಲೆ, 1,450 ಮೀಟರ್ ದಾಟಿದ ಮೇಲೆ, ಶ್ವಾರ್ಟ್ಸ್‌ವಾಲ್ಡ್‌ಆಲ್ಪ್. ಇಲ್ಲಿವರೆಗೂ ಕಾರು ಬರುತ್ತದೆ. ಕಾರಿನವರು ರಸ್ತೆ ಶುಲ್ಕ ಕಟ್ಟಿ ಬರಬೇಕು, ಆದರೂ ಬರುತ್ತಾರೆ. ಕಾರಿಗೆ ತಡೆ ಬೀಳುವುದು ಇದರಾಚೆ.

ಆದ್ದರಿಂದ ಮೈರಿಂಗೆನ್‌ನಿಂದ ಬೆಳಗ್ಗೆ ಏಳರೊಳಗೆ ಹೊರಡಿ. ಒಂಬತ್ತೂವರೆಯ ಮೇಲೆ ಚಾರಣಿಗರ ಕಾರುಗಳು ಒಂದೊಂದಾಗಿ ಏರತೊಡಗುತ್ತವೆ, ರಸ್ತೆ ಒಂದೇ ಗಾಡಿಯ ಅಗಲ. ಬೇಗ ಹೊರಡಲು ಇನ್ನೊಂದು ಕಾರಣ ಮಳೆ. ಜುಲೈ, ಆಗಸ್ಟಿನಲ್ಲಿ ಬೆಳಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಹೊತ್ತಿಗೆ ಗುಡುಗುವುದು ಆಲ್ಪ್ಸ್‌ನಲ್ಲಿ ಮಾಮೂಲು. ಎರಡು ಗಂಟೆಗೆ ಶಿಖರದ ಕೆಳಗಿನ ಬಯಲಿನಲ್ಲಿ ಇರಬಾರದು. ಅಲ್ಲಿ ಮರವಿಲ್ಲ, ಸಿಡಿಲಿಗೆ ಸುತ್ತ ಎತ್ತರಕ್ಕೆ ಕಾಣುವುದು ನೀವೇ.

ಗೇರಿನ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿ ಸುಳ್ಳು ಹೇಳಿಕೊಳ್ಳಲು ಜಾಗವಿಲ್ಲ. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಎಂದು ಹಿಡಿಯಿರಿ. ಶೇ. 9ರ ಏರಿನಲ್ಲಿ ಗಂಟೆಗೆ 8 ಕಿ.ಮೀ. ಹೋಗಲು ಸುಮಾರು 180 ವ್ಯಾಟ್ ಬೇಕು. ಮುಂದೆ ಪೆಡಲಿನ ಬಳಿ 34 ಹಲ್ಲಿನ ಚೈನ್‌ರಿಂಗ್, ಹಿಂದಿನ ಚಕ್ರದಲ್ಲಿ 28 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಆ ವೇಗದಲ್ಲಿ ಪೆಡಲು ಒಂದು ನಿಮಿಷಕ್ಕೆ 51 ಸುತ್ತು ತಿರುಗುತ್ತದೆ. ಹಿಂದೆ 34 ಹಲ್ಲು ಹಾಕಿದರೆ 62 ಸುತ್ತು. ಹನ್ನೊಂದು ಸುತ್ತಿನ ವ್ಯತ್ಯಾಸ ಕಾಗದದ ಮೇಲೆ ಅಲ್ಪ. ಎರಡೂವರೆ ಗಂಟೆಯ ಏರಿನ ಕೊನೆಗೆ ಮಂಡಿ ಅದನ್ನು ಬೇರೆ ಥರ ಎಣಿಸುತ್ತದೆ. ಕೊನೆಯ ಐದಾರು ಕಿಲೋಮೀಟರಿನಲ್ಲಿ ಏರು ಕೆಲವೆಡೆ ಶೇ. 12 ಮೀರುತ್ತದೆ. ಅಲ್ಲಿ ಗಂಟೆಗೆ 6 ಕಿ.ಮೀ. ಹೋದರೂ 34ಕ್ಕೆ 34ರಲ್ಲಿ 47 ಸುತ್ತು ಮಾತ್ರ. ಇದಕ್ಕಿಂತ ಕಮ್ಮಿಯಾದರೆ ತುಳಿತ ಕುಕ್ಕುಕುಕ್ಕಾಗಿ, ಮುಂದಿನ ಚಕ್ರ ಆ ಕಡೆ ಈ ಕಡೆ ವಾಲುತ್ತದೆ. ಸಮತಟ್ಟು ಬೆಂಗಳೂರಿಗೆಂದು ಕೊಂಡ 28 ಹಲ್ಲಿನ ಕ್ಯಾಸೆಟ್, ಅಂದರೆ ಹಿಂದಿನ ಸ್ಪ್ರಾಕೆಟ್‌ಗಳ ಗೊಂಚಲು, ತಂದವರು ಅದನ್ನು ಊರಲ್ಲೇ ಬದಲಿಸಿ ಬರುವುದು ಒಳ್ಳೆಯದು. ಬದಲಿಸುವಾಗ ಎರಡು ಮಾತು ನೆನಪಿರಲಿ. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಹಿಂದಿನ ಡಿರೇಲರ್‌ನ ಪಂಜರ ಗಿಡ್ಡವಿದ್ದರೆ 34 ಹಲ್ಲನ್ನು ಅದು ನುಂಗುವುದಿಲ್ಲ. ಪಂಜರ ಸರಿಯಿದ್ದರೂ ಹಳೆಯ ಚೈನ್ ಸಾಲದೆ ಹೋಗಬಹುದು. ಮುಂದಿನ ದೊಡ್ಡ ರಿಂಗಿಗೆ ಹಿಂದಿನ ದೊಡ್ಡ ಸ್ಪ್ರಾಕೆಟ್ ಹಾಕಿ ನೋಡಿ, ಡಿರೇಲರ್ ಮುಂದಕ್ಕೆ ಎಳೆದು ಬಿಗಿದು ನಿಂತರೆ ಉದ್ದದ ಚೈನ್ ಬೇಕು.

ವಿಮಾನದಲ್ಲೋ ರೈಲಿನಲ್ಲೋ ಬಂದ ಸೈಕಲ್ಲಿಗೆ ಇನ್ನೊಂದು ಕಾಯಿಲೆ ಇರುತ್ತದೆ. ಡಿರೇಲರ್ ಹಿಡಿದಿರುವ ಸಣ್ಣ ಅಲ್ಯೂಮಿನಿಯಂ ತುಂಡು, ಹ್ಯಾಂಗರ್, ಪೆಟ್ಟಿಗೆಯೊಳಗಿನ ಒಂದು ತಟ್ಟಿಗೆ ಎರಡು ಮಿಲಿಮೀಟರ್ ಒಳಕ್ಕೆ ಬಾಗಿರುತ್ತದೆ. ಊರೊಳಗಿನ ಸಮತಟ್ಟಿನಲ್ಲಿ ನಡುವಿನ ಗೇರುಗಳಲ್ಲಿ ಗೊತ್ತೇ ಆಗುವುದಿಲ್ಲ. ಮೊದಲ ಕಡಿದಾದ ತಿರುವಿನಲ್ಲಿ ಎಲ್ಲಕ್ಕಿಂತ ದೊಡ್ಡ ಸ್ಪ್ರಾಕೆಟ್‌ಗೆ ಹಾಕಿದಾಗ ಪಂಜರ ಹೋಗಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಕಡ್ಡಿ, ಡಿರೇಲರ್, ಆ ದಿನ, ಮೂರೂ ಹೋದವು. ಮೈರಿಂಗೆನ್ ನಿಲ್ದಾಣದ ಎದುರೇ ನಿಧಾನಕ್ಕೆ ತುಳಿಯುತ್ತ ದೊಡ್ಡ ಹಲ್ಲಿಗೆ ಹಾಕಿ ನೋಡಿ. ಟಿಕ್ ಟಿಕ್ ಸದ್ದು ಬಂದರೆ, ಡಿರೇಲರ್ ಕಡ್ಡಿಗಳ ಕಡೆಗೆ ಸರಿಯದಂತೆ ತಡೆಯುವ ಒಳಮಿತಿಯ ತಿರುಪನ್ನು ಕಾಲು ಸುತ್ತು ಬಿಗಿಮಾಡಿ ಅಲ್ಲಿಂದ ಹೊರಡಬಹುದು, ಅದು ತಾತ್ಕಾಲಿಕ. ಒಂದು ಬಿಡಿ ಹ್ಯಾಂಗರ್ ಚೀಲದಲ್ಲಿದ್ದರೆ ಚಿಂತೆಯೇ ಇಲ್ಲ. ಅದು ಪ್ರತಿ ಮಾಡೆಲ್ಲಿಗೂ ಬೇರೆ, ಅಲ್ಲಿನ ಅಂಗಡಿಯಲ್ಲಿ ನಿಮ್ಮದು ಸಿಗುವುದೆಂಬ ಭರವಸೆಯಿಲ್ಲ. ಹಾಗೆಯೇ ಮುಂದಿನ ದೊಡ್ಡ ರಿಂಗಿನಿಂದ ಸಣ್ಣದಕ್ಕೆ ಇಳಿಸುವ ಕೆಲಸವನ್ನು ವಿಲ್ಲಿಗೆನ್‌ನ ಏರು ಶುರುವಾಗುವ ಐವತ್ತು ಮೀಟರ್ ಮೊದಲೇ ಮುಗಿಸಿ. ಭಾರ ಬಿದ್ದ ಚೈನ್ ರಿಂಗಿನಿಂದ ಒಳಕ್ಕೆ ಬಿದ್ದರೆ ಚೌಕಟ್ಟಿಗೂ ಗೀರು, ಹಿಂದೆ ಬರುತ್ತಿರುವ ಬಸ್ಸಿಗೂ ತಡೆ.

ಬಸ್ಸು ಅಂದೆವಲ್ಲ. ಮೈರಿಂಗೆನ್ ಕಡೆಯಿಂದ ಬರುವುದು ಹಳದಿ ಬಣ್ಣದ ಪೋಸ್ಟ್‌ಬಸ್, ಅತ್ತಲಿಂದ ಗ್ರಿಂಡೆಲ್‌ವಾಲ್ಡಿನ ಬಸ್ಸು. ಹಿಂದೆ ಕಾಗದದ ಜೊತೆ ಜನರನ್ನೂ ಹೊತ್ತೊಯ್ಯುತ್ತಿದ್ದ ಅಂಚೆ ಗಾಡಿಯ ವಂಶ ಈ ಹಳದಿ ಬಸ್ಸಿನದು. ಮುಂದೇನಿದೆ ಎಂದು ಕಾಣದ ತಿರುವಿಗೆ ಮುನ್ನ ಅದು ಮೂರು ಸ್ವರದ ಹಾರ್ನ್ ಊದುತ್ತದೆ. ಇಂಪಾಗಿದೆ ಎಂದು ಕೇಳುತ್ತ ಕೂರುವಂತಿಲ್ಲ. ‘ಬರುತ್ತಿದ್ದೇನೆ, ಜಾಗ ಬಿಡು’ ಎಂದು ಅದರ ಅರ್ಥ. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರವಿರುವ ಬೆಟ್ಟದ ಅಂಚೆ ರಸ್ತೆಗಳಲ್ಲಿ ಬಸ್ಸಿನ ಚಾಲಕ ಕೊಡುವ ಸೂಚನೆ ಪಾಲಿಸುವುದು ಸ್ವಿಸ್ ಕಾನೂನು. ಅವನು ಹಿಂದೆ ಸರಿ ಎಂದರೆ ಸರಿಯಬೇಕು. ವಾದಕ್ಕೆ ಅವಕಾಶವಿಲ್ಲ. ನಮ್ಮ ಕಡೆ ಘಾಟಿಯಲ್ಲಿ ದೊಡ್ಡ ಗಾಡಿ ಬಂತೆಂದರೆ ಸಣ್ಣವನು ತಾನಾಗಿ ಸರಿಯುತ್ತಾನೆ, ಭಯಕ್ಕೆ. ಅಲ್ಲಿ ಅದನ್ನೇ ಬರೆದಿಟ್ಟಿದ್ದಾರೆ, ಅಷ್ಟೇ.

ಎಲ್ಲಿ ಸರಿಯಬೇಕು ಎಂಬುದೂ ಮುಖ್ಯ. ತಲೆಕೂದಲಿನ ಪಿನ್ನಿನಂತೆ ಮಡಚಿದ ತಿರುವಿನಲ್ಲಿ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮೂತಿ ಹೊರಗಿನ ಅಂಚಿನವರೆಗೂ ಬೀಸುತ್ತದೆ. ತಿರುವಿನ ಒಳಗೂ ನಿಲ್ಲಬೇಡಿ, ಹೊರಗೂ ಬೇಡ. ಹಾರ್ನ್ ಕೇಳಿದ ಕೂಡಲೇ ನೇರ ತುಂಡಿನಲ್ಲಿ ರಸ್ತೆ ಅಗಲಗೊಳಿಸಿದ ಜಾಗ ನೋಡಿ ಕಾಲೂರಿ ನಿಂತುಬಿಡಿ. ಹ್ಯಾಂಡಲ್ ಹುಲ್ಲಿನ ಕಡೆಗಿರಲಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ರಸ್ತೆ ಏರುವವರನ್ನು ಕಂಡರೆ ಕನಿಕರ ಬರುತ್ತದೆ. ಕೇಳಿಸಬೇಕಾದ ಒಂದೇ ಒಂದು ಯಂತ್ರದ ಸದ್ದಿಗೂ ಅವರು ಕಿವಿ ಮುಚ್ಚಿರುತ್ತಾರೆ. ಬಸ್ಸಿನ ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಂಡರೆ ಯಾವ ಹೊತ್ತಿಗೆ ಎಲ್ಲಿ ಎದುರಾಗುತ್ತದೆ ಎಂದು ಸುಮಾರಾಗಿ ಅಂದಾಜಿಸಬಹುದು. ಸ್ವಿಸ್ ಬಸ್ಸು ಆ ಅಂದಾಜನ್ನು ಸುಳ್ಳು ಮಾಡುವುದು ಕಮ್ಮಿ.

ಶ್ವಾರ್ಟ್ಸ್‌ವಾಲ್ಡ್‌ಆಲ್ಪ್ ದಾಟಿದ ಮೇಲೆ ಬದಲಾವಣೆ ಮೊದಲು ತಿಳಿಯುವುದು ಕಿವಿಗೆ. ಸ್ವಂತ ಉಸಿರು, ಚೈನಿನ ಸಣ್ಣ ಕಿರಿಕಿರಿ, ಕೆಳಗೆ ತೊರೆ, ಮೇಲೆ ಎಲ್ಲೋ ಹಸುವಿನ ಕೊರಳ ಗಂಟೆ. ಆಲ್ಪ್ ಎಂದರೆ ಪರ್ವತವೆಂದೇ ನಾವು ತಿಳಿದಿರುತ್ತೇವೆ. ಅಲ್ಲಿಯ ಜನಕ್ಕೆ ಅದು ಬೇಸಿಗೆಯಲ್ಲಿ ದನ ಮೇಯುವ ಎತ್ತರದ ಜಾಗ, ನಮ್ಮ ಗೋಮಾಳದ ಸೋದರ. ಜೂನ್ ಹೊತ್ತಿಗೆ ದನ ಮೇಲೇರುತ್ತವೆ, ಸೆಪ್ಟೆಂಬರಿನಲ್ಲಿ ಇಳಿಯುತ್ತವೆ. ಸವಾರಿಗೆ ಒಳ್ಳೆಯ ಕಾಲವೂ ಅದೇ ಸುಮಾರು. ಚಳಿಗಾಲದಲ್ಲಿ ಈ ಮೇಲಿನ ರಸ್ತೆ ಹಿಮದಡಿ ಇರುತ್ತದೆ.

ಹೀಗಾಗಿ ಈ ತುಂಡಿನಲ್ಲಿ ಸೈಕಲ್ಲಿಗೆ ಸಿಗುವ ಅಡ್ಡಿಗಳೆಲ್ಲ ದನದವೇ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಂಬಿಗಳ ಜಾಲರಿ ಹೂತಿರುತ್ತಾರೆ. ಏರುವಾಗ ಅದು ಬರೀ ಗಡಗಡ. ಇಳಿಯುವಾಗ, ಅದರಲ್ಲೂ ಒದ್ದೆಯಿದ್ದರೆ, ಅದರ ಮೇಲೆ ಬ್ರೇಕ್ ಹಿಡಿದರೂ ಬಿದ್ದಿರಿ, ಹ್ಯಾಂಡಲ್ ತಿರುಗಿಸಿದರೂ ಬಿದ್ದಿರಿ. ಬ್ರೇಕನ್ನೆಲ್ಲ ಮೊದಲೇ ಹಿಡಿದು ಮುಗಿಸಿ, ಜಾಲರಿಗೆ ಲಂಬವಾಗಿ, ಪೆಡಲ್ ಎರಡೂ ಸಮ ಮಾಡಿ, ಸೀಟಿನಿಂದ ತುಸು ಎದ್ದು, ಕೈ ಸಡಿಲ ಬಿಟ್ಟು ಸೈಕಲ್ಲನ್ನು ತಾನಾಗಿ ಹೋಗಲು ಬಿಡಬೇಕು. ಕೆಲವೆಡೆ ಜಾಲರಿಯ ಬದಲು ವಿದ್ಯುತ್ ಹರಿಯುವ ದಾರ ಅಡ್ಡ ಕಟ್ಟಿರುತ್ತಾರೆ. ಅದಕ್ಕೆ ಪ್ಲಾಸ್ಟಿಕ್ ಹಿಡಿ ಇರುತ್ತದೆ, ಅದನ್ನೇ ಹಿಡಿದು ಕೊಕ್ಕೆ ಬಿಚ್ಚಿ, ದಾಟಿ, ಮತ್ತೆ ಹಾಕಬೇಕು. ಹಾಕದೆ ಹೋದರೆ ಒಬ್ಬ ರೈತನ ಮಧ್ಯಾಹ್ನ ಹಾಳು.

ಹಸು ರಸ್ತೆಯ ನಡುವೆ ಮಲಗಿದ್ದರೆ ಗಂಟೆ ಬಾರಿಸಿ ಪ್ರಯೋಜನವಿಲ್ಲ, ಅದರ ಕೊರಳಲ್ಲಿರುವುದು ನಿಮ್ಮದಕ್ಕಿಂತ ದೊಡ್ಡದು. ಇಳಿದು, ಸೈಕಲ್ಲನ್ನು ನಿಮ್ಮಿಬ್ಬರ ನಡುವೆ ಇಟ್ಟುಕೊಂಡು, ಕೆಳಮಗ್ಗುಲಿನಿಂದಲ್ಲ ಮೇಲ್ಮಗ್ಗುಲಿನಿಂದ ನಿಧಾನಕ್ಕೆ ಸುತ್ತಿ ಹೋಗಿ. ಕರು ಜೊತೆಗಿದ್ದರೆ ದೂರ ಇನ್ನೂ ಹೆಚ್ಚಿರಲಿ, ತಾಯಿಗೂ ಕರುವಿಗೂ ನಡುವೆ ಹೋಗಲೇಬಾರದು. ಹಸುವನ್ನು ಸಾಧುಪ್ರಾಣಿ ಎಂದು ಬೆಳೆದ ನಮಗೆ ಈ ಎಚ್ಚರಿಕೆ ಸುಲಭಕ್ಕೆ ಹತ್ತುವುದಿಲ್ಲ.

ನೀರು, ಊಟ. ಗಂಟೆಗೆ ಮುಕ್ಕಾಲು ಲೀಟರ್ ಬೇಕಾಗುತ್ತದೆ, ಎರಡು ಬಾಟಲಿ ತುಂಬಿಕೊಂಡು ಹೊರಟು ರೋಸೆನ್‌ಲೌಯಿಯಲ್ಲಿ ಮತ್ತೆ ತುಂಬಿಸುವುದು ಜಾಣತನ. ತೊರೆಯ ನೀರು ಎಷ್ಟೇ ತಣ್ಣಗೆ ತಿಳಿಯಾಗಿ ಕಂಡರೂ ಕುಡಿಯಬೇಡಿ, ಮೇಲೆ ದನ ಇವೆ. ಮರದ ತೊಟ್ಟಿಗೆ ಬೀಳುವ ನಲ್ಲಿಯ ಪಕ್ಕ ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಏರಿನಲ್ಲಿ ಗಂಟೆಗೆ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳುತ್ತಿರಬೇಕು. ದೊಡ್ಡ ಜಾತಿಯ ಖರ್ಜೂರ ನಾಲ್ಕು ತಿಂದರೆ ಅಷ್ಟಾಯಿತು. ಕಡಲೆಬೀಜದ ಚಿಕ್ಕಿ ತರುವವರಿದ್ದಾರೆ. ಬೀಜದ ಕೊಬ್ಬು ಬೇಗ ಕರಗುವುದಿಲ್ಲವಾದ್ದರಿಂದ ಅದನ್ನು ಏರು ಮುಗಿದ ಮೇಲೆ ತಿನ್ನುವುದು ವಾಸಿ. ಸಸ್ಯಾಹಾರಿಗಳು ಹೋಟೆಲಿನಲ್ಲಿ ರೋಷ್ಟಿ, ಅಂದರೆ ಹುರಿದ ಆಲೂಗಡ್ಡೆಯ ತುರಿ, ಕೇಳುವಾಗ ‘ಓನೆ ಷ್ಪೆಕ್’ ಎಂದು ಸೇರಿಸಬೇಕು. ಹೇಳದಿದ್ದರೆ ಹಂದಿಮಾಂಸದ ಚೂರು ಬಂದೀತು.

ಕೊನೆಯ ಐದಾರು ಕಿಲೋಮೀಟರಿನ ಬಗ್ಗೆ ಹೇಳಲು ಹೆಚ್ಚಿಲ್ಲ. ತುಳಿಯಬೇಕು. ಬೆಟ್ಟದ ಮೇಲಿನ ಹೋಟೆಲು ಬಹಳ ಮೊದಲೇ ಕಾಣುತ್ತದೆ, ಬಹಳ ಹೊತ್ತು ಹತ್ತಿರ ಬರುವುದಿಲ್ಲ. ಗಂಟೆಗೆ 500 ಮೀಟರ್ ಎತ್ತರ ಏರುವ ಸವಾರನಿಗೆ ಮೈರಿಂಗೆನ್‌ನಿಂದ ಇಲ್ಲಿಗೆ ಎರಡು ಮುಕ್ಕಾಲು ಗಂಟೆ, 600 ಏರುವವನಿಗೆ ಎರಡೂಕಾಲು.

ಇನ್ನು ಇಳಿತ. ಈ ಬರಹವನ್ನು ಅರ್ಧ ಓದಿ ಬಿಡುವವರು ಇದನ್ನಾದರೂ ಓದಲಿ. ಶೈಡೆಗ್‌ನಿಂದ ಗ್ರಿಂಡೆಲ್‌ವಾಲ್ಡ್ ಕಡೆಗೆ, ಹೋಟೆಲ್ ವೆಟ್ಟರ್‌ಹಾರ್ನ್ ತನಕ, ಆರೇಳು ಕಿಲೋಮೀಟರಿನಲ್ಲಿ 700 ಮೀಟರಿಗೂ ಹೆಚ್ಚು ಇಳಿಯಬೇಕು. ಸರಾಸರಿಯೇ ಶೇ. 10ರ ಮೇಲೆ. ಎಡಕ್ಕೆ ವೆಟ್ಟರ್‌ಹಾರ್ನ್‌ನ ಗೋಡೆ ಕತ್ತೆತ್ತಿದರೂ ಮುಗಿಯದಂತೆ ನಿಂತಿರುತ್ತದೆ, ಮುಂದೆ ಐಗರ್ ಶಿಖರ ಏಳುತ್ತದೆ. ಅವನ್ನು ನೋಡಬೇಕೆಂದರೆ ನಿಂತು ನೋಡಿ.

ಬ್ರೇಕಿನ ಲೆಕ್ಕ ಕುತೂಹಲದ್ದು. ಅದೇ 85 ಕಿಲೋ, ಶೇ. 10ರ ಇಳಿಜಾರು. ಗಂಟೆಗೆ 15 ಕಿ.ಮೀ. ವೇಗ ಕಾಯ್ದುಕೊಂಡು ಇಳಿದರೆ ಬ್ರೇಕುಗಳು ಸುಮಾರು 300 ವ್ಯಾಟ್ ಶಾಖ ನುಂಗಬೇಕು. 35 ಕಿ.ಮೀ. ಇಟ್ಟುಕೊಂಡರೆ 550 ವ್ಯಾಟ್, ಅಂದರೆ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು. 55ಕ್ಕೆ ಹೋದರೆ ಗಾಳಿಯೇ ಬಹುಪಾಲು ತಡೆಯುವುದರಿಂದ ಮತ್ತೆ 400ಕ್ಕೆ ಇಳಿಯುತ್ತದೆ. ಹೆದರಿಕೆಯ ಸವಾರ ಆರಿಸಿಕೊಳ್ಳುವುದು ಇದೇ ನಡುವಿನ ವೇಗವನ್ನು, ಅದೂ ಉದ್ದಕ್ಕೂ ಬ್ರೇಕ್ ಸವರುತ್ತಾ. ಶಾಖ ಎಲ್ಲಕ್ಕಿಂತ ಹೆಚ್ಚು ಹುಟ್ಟುವುದು ಅಲ್ಲೇ, ಆರಲು ಬಿಡುವೇ ಇರುವುದಿಲ್ಲ. ಚಕ್ರದ ಬಳೆಯನ್ನೇ ಒತ್ತುವ ರಿಮ್ ಬ್ರೇಕ್ ಇರುವ ಕಾರ್ಬನ್ ಚಕ್ರವಾದರೆ ರಾಳ ಮೆತ್ತಗಾಗಿ ರಿಮ್ಮಿನ ಅಂಚು ಉಬ್ಬುತ್ತದೆ, ಒಳಗಿನ ಟ್ಯೂಬ್ ಲ್ಯಾಟೆಕ್ಸ್‌ನದ್ದಾಗಿದ್ದರೆ ಒಡೆಯಬಹುದು. ಈ ದಾರಿಗೆ ಅಂಥ ಚಕ್ರ ತರಲೇಬೇಡಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ, ಕಿರುಚತೊಡಗುತ್ತದೆ. ಪ್ಯಾಡಿನ ದಪ್ಪ ಒಂದು ಮಿಲಿಮೀಟರಿಗಿಂತ ಕಮ್ಮಿಯಿದ್ದರೆ ಹೊರಡುವ ಮೊದಲೇ ಬದಲಿಸಿ.

ಉಪಾಯ ಸರಳ. ನೇರ ತುಂಡಿನಲ್ಲಿ ಬ್ರೇಕ್ ಪೂರ್ತಿ ಬಿಡಿ, ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ಬೇಕಾದಷ್ಟು ವೇಗ ಇಳಿಸಿ, ಮತ್ತೆ ಬಿಡಿ. ಬಿಟ್ಟ ಆ ಹತ್ತು ಸೆಕೆಂಡಿನಲ್ಲಿ ಗಾಳಿ ಡಿಸ್ಕನ್ನು ತಣ್ಣಗೆ ಮಾಡುತ್ತದೆ. ಕೈ ಹ್ಯಾಂಡಲಿನ ಕೆಳಭಾಗದಲ್ಲಿರಲಿ, ಅಲ್ಲಿಂದ ಎರಡು ಬೆರಳು ಸಾಕು. ಆದರೆ ಬಿಟ್ಟೆನೆಂದು 55ಕ್ಕೆ ಹೋಗಬೇಕಾಗಿಲ್ಲ. ಒಣ ರಸ್ತೆಯಲ್ಲಿ, ಈ ಇಳಿಜಾರಿನಲ್ಲಿ, ಗಂಟೆಗೆ 36 ಕಿ.ಮೀ. ವೇಗದಿಂದ ನಿಲ್ಲಲು, ಮನಸ್ಸು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡೂ ಸೇರಿ, 22ರಿಂದ 23 ಮೀಟರ್ ಬೇಕು. 54ರಿಂದ ನಿಲ್ಲಲು 43 ಮೀಟರ್. ತಿರುವಿನಾಚೆ ನಿಮಗೆ ಕಾಣುವ ರಸ್ತೆ ಎಷ್ಟು ಮೀಟರೋ ಅದೇ ನಿಮ್ಮ ವೇಗದ ಮಿತಿ. 2011ರ ಟೂರ್ ದ ಸ್ವಿಸ್ ಸೈಕಲ್ ರೇಸಿನ ಮೂರನೆಯ ಹಂತ ಗ್ರಿಮ್ಸೆಲ್ ಎಂಬ ಇನ್ನೊಂದು ಕಣಿವೆಬಾಯಿ ದಾಟಿ, ಇದೇ ಶೈಡೆಗ್ ಏರಿ ಇಳಿದು ಗ್ರಿಂಡೆಲ್‌ವಾಲ್ಡಿನಲ್ಲಿ ಮುಗಿದಿತ್ತು. ಪೀಟರ್ ಸಗಾನ್ ಗೆದ್ದ, ದಮಿಯಾನೊ ಕುನೆಗೊ ಎರಡನೆಯವನಾದ. ರೇಸಿನ ದಿನ ಎದುರಿಂದ ಬಸ್ಸು ಬರುವುದಿಲ್ಲ. ನಮಗೆ ಬರುತ್ತದೆ.

ಬೆರಳು ಮರಗಟ್ಟಿದರೆ ಈ ಉಪಾಯ ಯಾವುದೂ ನಡೆಯದು. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ತಣ್ಣಗಾಗುವ ಲೆಕ್ಕದಲ್ಲಿ ಮೈರಿಂಗೆನ್‌ಗಿಂತ ಶೈಡೆಗ್ ಒಂಬತ್ತು ಡಿಗ್ರಿ ಕಮ್ಮಿ, ಅದರ ಮೇಲೆ ಬೆವರಿದ ಅಂಗಿಗೆ ಇಳಿತದ ಗಾಳಿ. ಗಾಳಿ ತಡೆಯುವ ತೆಳು ಜಾಕೆಟ್ ಮತ್ತು ಪೂರ್ತಿ ಬೆರಳಿನ ಗ್ಲೌಸು ಎರಡೂ ಅಂಗೈಯಗಲದ ಗಂಟು, ಆಗಸ್ಟಿನಲ್ಲೂ ಬಿಟ್ಟು ಬರಬೇಡಿ. ಜಾಕೆಟ್ ಮರೆತವರು ಹೋಟೆಲಿನಲ್ಲಿ ಹಳೆಯ ದಿನಪತ್ರಿಕೆ ಕೇಳಿ ಎದೆಗಿಟ್ಟುಕೊಳ್ಳಬಹುದು, ಹಳೆಯ ಕಾಲದ ರೇಸಿನವರ ಉಪಾಯ ಅದು. ಟೈರು 28 ಮಿಲಿಮೀಟರ್ ಆದರೂ ಇರಲಿ, 32 ಇನ್ನೂ ಒಳ್ಳೆಯದು. 75 ಕಿಲೋದ ಸವಾರನಿಗೆ 32ರಲ್ಲಿ 60 ಪಿಎಸ್ಐ ಗಾಳಿ ಸಾಕು. ಗಟ್ಟಿ ಗಾಳಿ ಹೊಡೆದ ಟೈರು ತೇಪೆ ಹಾಕಿದ ಡಾಂಬರಿನ ಮೇಲೆ ಪುಟಿಯುತ್ತದೆ, ಪುಟಿಯುವ ಚಕ್ರಕ್ಕೆ ಬ್ರೇಕ್ ಹತ್ತುವುದಿಲ್ಲ. ಫ್ಯೋನ್ ಎಂಬ ದಕ್ಷಿಣದ ಬಿಸಿಗಾಳಿ ಬೀಸುವ ದಿನ ಎತ್ತರದ ರಿಮ್ಮಿನ ಚಕ್ರ ಬೇಡವೇ ಬೇಡ. ಈ ಗಾಳಿ ತಮಾಷೆಯದಲ್ಲ. 1879ರಲ್ಲೂ 1891ರಲ್ಲೂ ಮೈರಿಂಗೆನ್ ಸುಟ್ಟುಹೋಗಿದ್ದು ಫ್ಯೋನ್ ಬೀಸಿ ಹಬ್ಬಿಸಿದ ಬೆಂಕಿಗೆ.

ಹೋಟೆಲ್ ವೆಟ್ಟರ್‌ಹಾರ್ನ್ ಬಳಿ ಕಾರುಗಳ ನಿಲ್ದಾಣ ಕಂಡಿತೆಂದರೆ ಆ ರಾಜ್ಯ ಮುಗಿಯಿತು. ಇಲ್ಲೇ ಹತ್ತಿರದಿಂದ 1908ರಲ್ಲಿ ವೆಟ್ಟರ್‌ಹಾರ್ನ್‌ನ ಬಂಡೆಗೆ ತೂಗು ಪೆಟ್ಟಿಗೆಯಲ್ಲಿ ಜನರನ್ನು ಏರಿಸುವ ಕೇಬಲ್ ಮಾರ್ಗವೊಂದು ಶುರುವಾಗಿ, ಮೊದಲ ಮಹಾಯುದ್ಧದ ಹೊತ್ತಿಗೆ ನಿಂತುಹೋಯಿತು. ಆ ಪೆಟ್ಟಿಗೆಯ ಮಾದರಿ ನೋಡಲು ಸಿಗುತ್ತದೆ. ಕೆಳಗೆ ಗ್ರಿಂಡೆಲ್‌ವಾಲ್ಡ್ 1,034 ಮೀಟರ್. ಅಲ್ಲಿಂದ ಇಂಟರ್‌ಲಾಕೆನ್‌ಗೆ ಹೋಗುವ ದೊಡ್ಡ ರಸ್ತೆಯಲ್ಲಿ ಪ್ರವಾಸಿ ಬಸ್ಸು, ಬಾಡಿಗೆ ಕಾರು ಎಲ್ಲ ಇವೆ. ನಿಶ್ಶಬ್ದ ಬೇಕಾದವರಿಗೆ ಎರಡು ದಾರಿ. ಒಂದು, ಗ್ರಿಂಡೆಲ್‌ವಾಲ್ಡಿಗೆ ಇಳಿಯದೆ ಶೈಡೆಗ್‌ನಿಂದಲೇ ತಿರುಗಿ ಬಂದ ದಾರಿಯಲ್ಲಿ ಮೈರಿಂಗೆನ್‌ಗೆ ಹೋಗುವುದು. ಮಧ್ಯಾಹ್ನದೊಳಗೆ ಶ್ವಾರ್ಟ್ಸ್‌ವಾಲ್ಡ್‌ಆಲ್ಪ್ ದಾಟಿದರೆ ಮೇಲೇರುವ ಕಾರುಗಳಿಗೆ ಎದುರಾಗಬೇಕಾದೀತು, ಆದ್ದರಿಂದ ಮೇಲೆ ಊಟ ಮುಗಿಸಿ ತುಸು ತಡೆದು ಇಳಿಯಿರಿ, ಆಕಾಶ ಬಿಟ್ಟರೆ. ಇನ್ನೊಂದು, ಗ್ರಿಂಡೆಲ್‌ವಾಲ್ಡಿನಲ್ಲಿ ರೈಲು ಹತ್ತಿ ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ಬದಲಿಸಿ ಮೈರಿಂಗೆನ್ ಸೇರುವುದು. ಸೈಕಲ್ಲಿಗೂ ಟಿಕೆಟು ತೆಗೆಯಬೇಕು, ಬಿಚ್ಚಿ ಚೀಲದೊಳಗೆ ಹಾಕಿದರೆ ಮಾತ್ರ ಪುಕ್ಕಟೆ.

ರೈಲು ಹತ್ತುವ ಮೊದಲು ಒಂದು ಕಡ್ಡಿ ತೆಗೆದುಕೊಂಡು ಟೈರು, ಬ್ರೇಕಿನ ಸಂದಿ, ಚೌಕಟ್ಟಿನ ಕೆಳಮೈಯಲ್ಲಿ ಅಂಟಿದ ಸಗಣಿಯನ್ನು ಕೆರೆದುಬಿಡಿ. ಹಸಿಯಿದ್ದಾಗ ಎರಡು ನಿಮಿಷದ ಕೆಲಸ. ಒಣಗಿತೆಂದರೆ ಎಷ್ಟು ಗಟ್ಟಿ ಹಿಡಿಯುತ್ತದೆಂದು ನೆಲ ಸಾರಿಸುವ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.